ಮಗು ಮಲಗಿದ ಮೇಲೆ ಸಿಗುವ ಹತ್ತು ನಿಮಿಷ: ಅಮೆರಿಕಕ್ಕೆ ಹೊಸದಾಗಿ ಬಂದ ತಾಯಂದಿರಿಗೆ

ಕೈಮಗು, ಡಿಪೆಂಡೆಂಟ್ ವೀಸಾ, ಮಾತಾಡಲು ಯಾರೂ ಇಲ್ಲದ ಅಪಾರ್ಟ್‌ಮೆಂಟು. ಇಂಥ ಹೊತ್ತಲ್ಲಿ ಯಾರಾದರೂ ‘ಆನ್‌ಲೈನ್ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ನೋಡುವ ಅಭ್ಯಾಸ) ಕೋರ್ಸ್ ಸೇರಿ’ ಅಂದರೆ, ದುಡ್ಡು ಕಟ್ಟುವ ಮೊದಲು ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ವಲಸಿಗ ತಾಯಂದಿರಿಗೆಂದೇ ಸ್ಪ್ಯಾನಿಶ್‌ನಲ್ಲಿ ಹೊಂದಿಸಿದ ತರಗತಿಗಳು ಹೇಗಿರುತ್ತವೆ ಎಂದು ತಿಳಿದುಕೊಳ್ಳಿ. ನಿಮ್ಮದನ್ನು ಅಳೆಯಲು ಅದೇ ಒಳ್ಳೆಯ ಅಳತೆಗೋಲು.

ಈ ತರಗತಿಗಳ ಮೂಲ ಅಚ್ಚು ಎಂಬಿಎಸ್ಆರ್, ಅಂದರೆ ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ ಕೋರ್ಸ್. ಜಾನ್ ಕಬಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರುಮಾಡಿದ್ದು. 8 ವಾರ, ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ, ಮನೆಯಲ್ಲಿ ದಿನಾ 45 ನಿಮಿಷ, ಮಧ್ಯೆ ಒಂದು ಪೂರ್ತಿ ದಿನದ ಅಭ್ಯಾಸ. ಎಳೆಮಗುವಿನ ತಾಯಿಗೆ ಇದು ಆಗಹೋಗದ ಮಾತು. ಅದನ್ನು ಬರೀ ಸ್ಪ್ಯಾನಿಶ್‌ಗೆ ತಿರುಗಿಸಿ ಕೊಟ್ಟರೆ ಮೂರನೇ ವಾರಕ್ಕೆ ಜೂಮ್ ಖಾಲಿ. ಮನೆಪಾಠ 5–10 ನಿಮಿಷದ ಆಡಿಯೋ ಆಗಬೇಕು, ವಾಟ್ಸ್‌ಆ್ಯಪ್‌ನಲ್ಲಿ ಬರಬೇಕು, ಪಾತ್ರೆ ತೊಳೆಯುತ್ತಾ ಮಾಡುವಂತಿರಬೇಕು. ಮಗು ಅತ್ತರೆ ಕ್ಷಮೆ ಕೇಳಬೇಕಾಗಿ ಬರಬಾರದು.

ಮಾತೂ ಬದಲಾಗಬೇಕು. ಆ ತಾಯಂದಿರಲ್ಲಿ ಅನೇಕರು ‘ಡಿಪ್ರೆಶನ್’ ಅನ್ನುವುದಿಲ್ಲ, ‘ನೆರ್ವಿಯೋಸ್’ ಅನ್ನುತ್ತಾರೆ. ನಾವು ‘ಯಾಕೋ ಎದೆ ಡವಡವ, ತಲೆಭಾರ’ ಅಂದಂತೆ. ‘ಆಗ್ವಂತಾರ್’ ಅಂದರೆ ಸಹಿಸಿಕೊಂಡು ಹೋಗುವುದು. ಇದನ್ನಂತೂ ಯಾವ ಕನ್ನಡತಿಗೂ ಬಿಡಿಸಿ ಹೇಳಬೇಕಿಲ್ಲ! ಕರೆದು ಕೂರಿಸುವ ಕೆಲಸ ‘ಪ್ರೊಮೊತೋರಾ’ಗಳದ್ದು, ಅಂದರೆ ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯರದ್ದು, ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ. ಧ್ಯಾನ ಎಂದರೆ ಬೇರೆ ಧರ್ಮವೇನೋ ಎಂದು ಕ್ಯಾಥೊಲಿಕ್ ತಾಯಿ ಅಳುಕಬಹುದು. ನಮ್ಮ ಅಡ್ಡಿ ತಿರುಗುಮುರುಗು: ‘ಧ್ಯಾನ ನಮಗೆ ಗೊತ್ತಿಲ್ವಾ’ ಎಂದು ಮೊದಲ ಪಾಠವನ್ನೇ ಬಿಟ್ಟುಬಿಡುತ್ತೇವೆ.

ಆ ಮೊದಲ ಪಾಠ ಒಂದು ಒಣದ್ರಾಕ್ಷಿ. ಅಂಗೈಯಲ್ಲಿಟ್ಟು ಸುಕ್ಕು ನೋಡಿ, ಕಿವಿಯ ಹತ್ತಿರ ಹಿಸುಕಿ, ಮೂಸಿ, ಅಗಿಯದೆ ನಾಲಗೆಯ ಮೇಲೆ ಉರುಳಿಸಿ, ಕೊನೆಗೆ ಒಂದೇ ಸಲ ಕಚ್ಚಿ. ಒಂದು ಚೂರು ಬೆಲ್ಲವಾದರೂ ಸರಿ, ಆದರೆ ಕರಗುವವರೆಗೂ ಕಾಯಬೇಕು. ಮಂತ್ರ ಇಲ್ಲ, ಮನಸ್ಸು ಖಾಲಿ ಮಾಡುವ ಹಟವೂ ಇಲ್ಲ.

ಎಡವುವ ಜಾಗ ಇನ್ನೂ ಇವೆ. ಕಣ್ಣು ಮುಚ್ಚಿ ಉಸಿರು ಗಮನಿಸುವಾಗ ಕೆಲವರಿಗೆ, ಅದರಲ್ಲೂ ಆಘಾತ ಕಂಡವರಿಗೆ, ದಿಗಿಲು ಹೆಚ್ಚುತ್ತದೆ. ಆಗ ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಅದಕ್ಕೆ ಅವಕಾಶ ಕೊಡದ ಗುರುವನ್ನು ಬಿಡಿ. ರಾತ್ರಿ 8ರ ತರಗತಿ ಯಾವ ಟೈಮ್‌ಝೋನಿನದು ಎಂದು ಕೇಳಿ: ಅದು ಈಸ್ಟರ್ನ್ ಆದರೆ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5, ಮಗುವಿನ ಕಿರಿಕಿರಿಯ ಹೊತ್ತು. ಪೆಸಿಫಿಕ್ ಆದರೆ ಚಳಿಗಾಲದಲ್ಲಿ ಊರಲ್ಲಿ ಬೆಳಗ್ಗೆ 9:30, ಅಮ್ಮನ ಫೋನ್ ಬರುವ ಸಮಯ. ಅತ್ತೆ-ಮಾವ ಬಂದಿದ್ದರೆ ಮನೆಯೊಳಗೆ ಮನಬಿಚ್ಚಿ ಮಾತಾಡಲಾಗದು. ಇಯರ್‌ಫೋನ್ ಹಿಡಿದು, ನಿಲ್ಲಿಸಿದ ಕಾರಿನಲ್ಲಿ ಕೂರಿ. ಜೂಮ್‌ನಲ್ಲಿ ಹೆಸರಿನ ಬದಲು ಒಂದಕ್ಷರ ಸಾಕು.

ಹೆರಿಗೆಯಾದ ಮೇಲಿನ ಅಳು ಎರಡು ವಾರ ದಾಟಿದರೆ ಕೋರ್ಸ್ ಸಾಲದು, ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ತಾಯಂದಿರ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಹಾಯವಾಣಿ 1-833-852-6262: ಉಚಿತ, 24 ಗಂಟೆ, ಇಂಗ್ಲಿಷ್ ಮತ್ತು ಸ್ಪ್ಯಾನಿಶ್, ಬೇರೆ ಭಾಷೆಗೆ ದುಭಾಷಿಯನ್ನು ಕೇಳಬಹುದು. ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್ ಸಂಸ್ಥೆ ದಕ್ಷಿಣ ಏಷ್ಯಾದ ತಾಯಂದಿರಿಗೆಂದೇ ‘ದೇಸಿ ಚಾಟ್’ ಎಂಬ ಆನ್‌ಲೈನ್ ಗುಂಪು ನಡೆಸಿದೆ. ಜೀವ ತೆಗೆದುಕೊಳ್ಳುವ ಯೋಚನೆ ಬಂದರೆ ಆ ಕ್ಷಣವೇ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ.