ಫೋನ್ ಕಿತ್ಕೊಂಡು ಹೋದ್ರೂ 204 ಅಂದ್ರೆ 204

ಗಂಗಾವತಿಯ ಒಂದು ರೈಸ್ ಮಿಲ್ಲಿನವರ ಇಂಟರ್‌ಕಾಮ್ ಫೋನಿನ ಕೆಲಸ ಇದು. ಆಫೀಸು ಊರೊಳಗೆ, ಮಿಲ್ಲು ಕಾರಟಗಿ ಕಡೆ, ಅಂಗಡಿ ಸಿಂಧನೂರಿನಲ್ಲಿ. ಭತ್ತದ ಸುಗ್ಗಿ ಶುರುವಾದ್ರೆ ಅರ್ಧ ಆಫೀಸೇ ಮಿಲ್ಲಿಗೆ ಹೋಗಿ ಕೂರುತ್ತದೆ. ಕಾಲುವೆಗೆ ಬೇಸಿಗೆಯಲ್ಲೂ ನೀರು ಬಿಟ್ಟ ವರ್ಷ ಇನ್ನೊಂದು ಸಲ ಇದೇ ಕತೆ. ಜನ ಹೋದ್ರು, ಫೋನ್ ನಂಬರ್ ಹೋಗಲಿಲ್ಲ. ವೇಬ್ರಿಡ್ಜ್‌ನವನಿಗೂ ಗೋದಾಮಿನವನಿಗೂ 204 ಅಂದ್ರೆ ಗುಮಾಸ್ತರು. ಅವರು ಮಿಲ್ಲಿನಲ್ಲಿ, 204 ಗಂಗಾವತಿಯ ಖಾಲಿ ಟೇಬಲ್ ಮೇಲೆ ಬಡ್ಕೊಳ್ಳುತ್ತಿತ್ತು.

ಪ್ರತಿ ಸಲ ನಾನು ಹೋಗಿ ಎಕ್ಸ್‌ಟೆನ್ಶನ್ (204 ಥರದ ಒಳಗಿನ ನಂಬರ್) ಬದಲಿಸಿ, ಸುಗ್ಗಿ ಮುಗಿದ ಮೇಲೆ ವಾಪಸ್ ಮಾಡಿ ಬರುತ್ತಿದ್ದೆ. ಹೋಗಿ ಬಂದು ಎರಡೂವರೆ ಸಾವಿರ ಚಾರ್ಜು. "ಇನ್ಮೇಲೆ ಫೋನ್ ಕಿತ್ತು ಅಲ್ಲಿ ಚುಚ್ಚಿದ್ರೆ ಸಾಕು, ನಾನು ಬರೋದು ಬೇಡ" ಅಂದಾಗ ಸಾಹುಕಾರ್ರು ನಕ್ಕರು. "ಆಗೂ ಮಾತ್ ಹೇಳ್ರಿ. ಫೋನ್ ಕಿತ್ಕಂಡ್ ಹೋದ್ರ ನಂಬರ್ ಹಿಂದ ಬರ್ತೈತೇನ್ರಿ?" ಇದೇ ಕಸುಬಿನ ನಮ್ಮ ಸ್ನೇಹಿತರೂ ಅದನ್ನೇ ಅಂದ್ರು. ಒಬ್ಬನಂತೂ ಹೊಸ ಪಿಬಿಎಕ್ಸ್ (ಇಂಟರ್‌ಕಾಮ್ ಫೋನ್‌ಗಳನ್ನೆಲ್ಲ ಜೋಡಿಸುವ ಬಾಕ್ಸ್) ಹಾಕಿಸು, ಲಕ್ಷದ ಮೇಲೆ ಆಗುತ್ತೆ ಅಂತ ಕೊಟೇಶನ್ನೇ ಕಳಿಸಿದ.

ಮೊದಲನೇ ವರ್ಷ ದುಡುಕಿದೆ. ಆಫೀಸಿನಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇತ್ತಲ್ವಾ, ಇಂಟರ್ನೆಟ್ ಫೋನ್ ಒಳಗೆ ಬರೋ ಬಾಗಿಲು 5060 ಪೋರ್ಟ್ ತೆರೆದು ಮಿಲ್ಲಿನ ಫೋನ್‌ಗಳನ್ನು ನೇರ ಇಂಟರ್ನೆಟ್ ಮೇಲೆ ರಿಜಿಸ್ಟರ್ ಮಾಡಿಸಿದೆ. ಎರಡು ದಿನ ಚೆನ್ನಾಗಿ ನಡೀತು. 211ರ ಪಾಸ್‌ವರ್ಡ್ ಕೂಡ 211 ಅಂತಲೇ ಇಟ್ಟಿದ್ದೆ, ಸೋಮಾರಿತನ. ಐಎಸ್‌ಡಿ ಲಾಕ್ ಮಾಡಿರಲಿಲ್ಲ. ರಾತ್ರಿಯೆಲ್ಲ ಯಾರೋ ಯಾವುದೋ ದೇಶಕ್ಕೆ ಮಾತಾಡಿದ್ದಾರೆ. ಬಿಲ್ಲಿನಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಜಾಸ್ತಿ ಬಂತು. ಅರ್ಧ ನನ್ನ ಕೈಯಿಂದ ಕೊಟ್ಟೆ.

ಎರಡನೇ ವರ್ಷ ಮೈಕ್ರೋಟಿಕ್ ರೌಟರ್ ಮೂರು ತಂದು, ಮೂರೂ ಜಾಗ ಸೇರಿಸೋಕೆ ವೈರ್‌ಗಾರ್ಡ್ ಟನಲ್ (ಇಂಟರ್ನೆಟ್ ಒಳಗೇ ಬೀಗ ಹಾಕಿದ ದಾರಿ) ಹಾಕಿದೆ. ತಲಾ ಐದು ಸಾವಿರದ ಆಸುಪಾಸು. ಮಿಲ್ಲಿನ ಫೈಬರ್‌ಗೆ ಹೊರಗಿನಿಂದ ತಲುಪೋ ಪಬ್ಲಿಕ್ ಐಪಿ ಇಲ್ಲ, ಹಾಗಾಗಿ ಮಿಲ್ಲಿನ ರೌಟರೇ ಆಫೀಸಿನದಕ್ಕೆ ಸಂಪರ್ಕ ಶುರು ಮಾಡೋ ಹಾಗೆ ಇಟ್ಟೆ, ಅದು ಕಡಿಯದಿರಲಿ ಅಂತ 25 ಸೆಕೆಂಡಿಗೊಂದು ಕೀಪ್‌ಅಲೈವ್. ಟನಲ್ ಎದ್ದಿತು, ಆದರೆ ಏನೂ ದಾಟಲಿಲ್ಲ. ನೋಡಿದ್ರೆ ಮೂರೂ ಕಡೆ ಒಳಗಿನ ಐಪಿ ಒಂದೇ, 192.168.1 ಸಾಲು! ಫೋನ್‌ಗಳಿಗೂ ಹಿಂದೆ ಯಾರೋ ಕೈಯಿಂದ ಐಪಿ ಬರೆದಿದ್ದರು. ಸಾಲುಗಳನ್ನು 10, 20, 30 ಅಂತ ಬೇರೆ ಮಾಡಿ, ಎಲ್ಲ ಫೋನನ್ನೂ ಡಿಎಚ್‌ಸಿಪಿಗೆ (ಐಪಿಯನ್ನು ರೌಟರೇ ಕೊಡೋದು) ತಂದೆ. ಒಂದು ಭಾನುವಾರ ಪೂರ್ತಿ ಹೋಯಿತು.

ಆಮೇಲೆ ಬೆಲ್ ಆಗುತ್ತೆ, ಎತ್ತಿದ್ರೆ ಒಂದೇ ಕಡೆ ಕೇಳುತ್ತೆ. "ಹಲೋ ಹಲೋ" ಅಂತ ಗುಮಾಸ್ತರು ಕಿರುಚೋದು ಗಂಗಾವತಿಗೆ ಫೋನಿಲ್ಲದೇ ಕೇಳುವಷ್ಟು. ರೌಟರಿನಲ್ಲಿ ಕರೆಯ ವಿವರ ತಿದ್ದೋ ಸಿಪ್ ಎಎಲ್‌ಜಿ ಆಫ್ ಮಾಡಿದೆ, ಪೋರ್ಟ್ ಬದಲಿಸಿದೆ, ಮೂರು ದಿನ ಒದ್ದಾಡಿದೆ. ತಪ್ಪು ಪಿಬಿಎಕ್ಸ್‌ನಲ್ಲಿತ್ತು. ಲೋಕಲ್ ನೆಟ್‌ವರ್ಕ್ ಪಟ್ಟಿಯಲ್ಲಿ 20, 30ರ ಸಾಲು ಸೇರಿಸಿರಲಿಲ್ಲ. ಮಿಲ್ಲಿನ ಫೋನನ್ನು ಹೊರಗಿನವನು ಅಂದ್ಕೊಂಡು ಅದು ಮಾತು ಕಳಿಸೋಕೆ ಆಫೀಸಿನ ಪಬ್ಲಿಕ್ ಐಪಿ ಕೊಡುತ್ತಿತ್ತು. ಎರಡು ಸಾಲು ಬರೆದೆ, ಮುಗೀತು. ಪಿಬಿಎಕ್ಸ್ ಮುಟ್ಟಿದ್ದು ಅದೇ ಕೊನೆ.

ಕೀಲಿ ಇರೋದು ಹೆಸರಿನಲ್ಲಿ. ಫೋನಿನ ಸರ್ವರ್ ಜಾಗದಲ್ಲಿ ಐಪಿ ಬರೆಯಲಿಲ್ಲ, ಒಂದು ಹೆಸರು ಬರೆದೆ. ಮೂರೂ ರೌಟರ್‌ನ ಡಿಎನ್‌ಎಸ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅನ್ನೋ ಪಟ್ಟಿ) ಆ ಹೆಸರು ಆಫೀಸಿನ ಪಿಬಿಎಕ್ಸನ್ನೇ ತೋರಿಸುತ್ತದೆ. ಫೋನಿಗೆ ತಾನು ಯಾವ ಊರಲ್ಲಿದ್ದೀನಿ ಅನ್ನೋದೇ ಗೊತ್ತಾಗಲ್ಲ. ಕರೆಂಟ್ ಹೋಗಿ ಬಂದಾಗ ಟನಲ್‌ಗಿಂತ ಮುಂಚೆ ಫೋನ್ ಎದ್ದು ಸುಮ್ನೆ ಕೂರುತ್ತಿತ್ತು. ಅದಕ್ಕೂ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡು ನೋಡಿ!

ಹೊರಗಿನ ಲೈನನ್ನು ಟನಲ್ ಮೇಲೆ ಬಿಟ್ಟಿಲ್ಲ, ಬರೀ ಇಂಟರ್‌ಕಾಮ್. ಕಾನೂನಿನ ತಂಟೆ ಒಂದು ಕಡೆ. ಮಿಲ್ಲಿನಿಂದ 112 ಒತ್ತಿದ್ರೆ ಕರೆ ಆಫೀಸಿನ ಲ್ಯಾಂಡ್‌ಲೈನಿನಿಂದ ಹೋಗಿ ಆಂಬುಲೆನ್ಸ್ ಗಂಗಾವತಿಗೆ ಬಂದ್ರೆ?

ನಡುವೆ ಒಂದು ಹುಚ್ಚು ಮಾಡಿದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಚಿಕ್ಕ ರೌಟರ್ ಕಟ್ಟಿ, ಇನ್ವರ್ಟರ್ ಮೇಲೆ ಫೋನ್ ಇಟ್ಟು ಕಾರಿನಲ್ಲಿ 204 ಒಯ್ದೆ. ಊರೊಳಗೆ ಸ್ಪಷ್ಟವಾಗಿ ಬಂತು. ಗದ್ದೆ ಸಾಲು ಶುರುವಾದ ಮೇಲೆ ಮಾತು ನುಚ್ಚಕ್ಕಿ ಆಯಿತು. ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಇಂಟರ್ನೆಟ್ ವೇಗ ಸಾಕು, ಆದರೆ ಅದು ಬಿಡದೇ ಬರಬೇಕಲ್ಲ.

ಹೋದ ಸುಗ್ಗಿಗೆ ಒಂಬತ್ತು ಫೋನನ್ನು ಹಮಾಲರೇ ಗೋಣಿಚೀಲದಲ್ಲಿ ಹಾಕ್ಕೊಂಡು ಹೋದ್ರು. ಎರಡು ತಕರಾರು ಬಂದವು. ಒಂದರ ಸಾಕೆಟ್ ಒಳಗೆ ತೌಡು ತುಂಬಿತ್ತು, ಬ್ರಶ್ಶಿನಿಂದ ಕೆರೆದ ಮೇಲೆ ಲೈಟ್ ಬಂತು. ಇನ್ನೊಂದಕ್ಕೆ 5 ವೋಲ್ಟಿನ ಜಾಗದಲ್ಲಿ 12 ವೋಲ್ಟಿನ ಅಡಾಪ್ಟರ್ ಚುಚ್ಚಿ ಸುಟ್ಟಿದ್ದರು, ಮೂರು ಸಾವಿರ ಹೋಯಿತು. ಈಗ ಅಡಾಪ್ಟರ್‌ಗಳಿಗೆ ಕೆಂಪು, ಹಸಿರು ಟೇಪ್ ಸುತ್ತಿದ್ದೇನೆ. ಉಳಿದ ಏಳೂ ಚುಚ್ಚಿದ ತಕ್ಷಣ ತಮ್ಮ ನಂಬರ್ ತೋರಿಸಿದವು. ಸಾಹುಕಾರ್ರು ಮಿಲ್ಲಿನಿಂದಲೇ ಆಫೀಸಿನ ಹುಡುಗನಿಗೆ ಒತ್ತಿ, "ಚಾ ತಗಂಬಾ" ಅಂದ್ರು. ಅವನು ಕ್ಯಾಬಿನ್‌ಗೆ ಚಹಾ ಒಯ್ದು ಖಾಲಿ ಕುರ್ಚಿ ನೋಡಿ ಬಂದ.