ಮಳೆಗಾಲದಲ್ಲಿ ಬಾತುಮೊಟ್ಟೆ ಮರಿ ಮಾಡಿಸಿದ್ದು: ನನ್ನ ಅನುಭವ

ಮೂಡಿಗೆರೆ ಕಡೆ ಜುಲೈ ಅಂದ್ರೆ ಗೊತ್ತಲ್ಲ, ಒಗೆದ ಬಟ್ಟೆಯೇ ಒಣಗುವುದಿಲ್ಲ. ಅಂಥದ್ರಲ್ಲಿ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಜೊತೆ ಬಂದ ಚೀಟಿ, ನೀರಿನ ತಟ್ಟೆ ತುಂಬಿಡಿ ಅನ್ನುತ್ತಿತ್ತು. ಮರಿಗಳು ಪೂರ್ತಿ ಬೆಳೆದು, ಚಿಪ್ಪು ಒಡೆಯಲಾಗದೆ ಒಳಗೇ ಸಾಯುತ್ತಿದ್ದವು. ಶಾಖ ಮಾತ್ರ 37.5 ಡಿಗ್ರಿ, ಸರಿಯಾಗೇ ಇತ್ತು.

ಟಾರ್ಚ್ ಹಿಡಿದು ನೋಡಿದೆ. ಮೊಟ್ಟೆಯ ದಪ್ಪ ತುದಿಯ ಗಾಳಿ ಜಾಗ ತೀರಾ ಚಿಕ್ಕದು. ಒಳಗಿನ ನೀರು ಆರಿದಷ್ಟೂ ಅದು ದೊಡ್ಡದಾಗಬೇಕು, ಮರಿ ಮೊದಲು ಉಸಿರಾಡುವುದೇ ಅಲ್ಲಿ. ಸುತ್ತಲೂ ಇಷ್ಟು ತೇವ ಇದ್ದರೆ ಆರುವುದೆಲ್ಲಿ?

ತಟ್ಟೆಯ ನೀರು ಚೆಲ್ಲಿ, ಗಾಳಿ ತೂತುಗಳನ್ನು ಪೂರ್ತಿ ತೆರೆದೆ. ತೇವಾಂಶ ಶೇಕಡಾ 55ರ ಆಸುಪಾಸಿಗೆ ಇಳಿಯಿತು. ತೇವಾಂಶ ತೋರಿಸುವ ಅಗ್ಗದ ಮೀಟರನ್ನು ಸುಮ್ನೆ ನಂಬಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ವಾಸಿ; ನೀರು ಆರಿದಷ್ಟೂ ಮೊಟ್ಟೆಯ ತೂಕ ಇಳಿಯುತ್ತದೆ. 80 ಗ್ರಾಂ ಮೊಟ್ಟೆ 25ನೇ ದಿನಕ್ಕೆ ಸುಮಾರು 70 ಗ್ರಾಂ ಆಗಬೇಕು. ಶುರುವಿನ ತೂಕವನ್ನು ಮೊಟ್ಟೆ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟೆ. ತೂಕ ಇಳಿಯದಿದ್ದರೆ ಇನ್ನೂ ಒಣ, ಜಾಸ್ತಿ ಇಳಿದರೆ ಸ್ವಲ್ಪ ನೀರು. ಅಷ್ಟೇ.

25ನೇ ದಿನ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಿ, ಆಗ ತಟ್ಟೆ ತುಂಬಿ ತೇವಾಂಶ 70 ದಾಟಿಸಿದೆ. ಇಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಮುಚ್ಚಳ ಪದೇ ಪದೇ ತೆರೆಯಲೂಬಾರದು, ಮನೆಯ ಮಕ್ಕಳನ್ನು ತಡೆಯುವುದೇ ಕಷ್ಟ! 28ನೇ ದಿನಕ್ಕೆ ಹೆಚ್ಚಿನವು ಹೊರಬಂದವು. ಮಸ್ಕೋವಿ ಅನ್ನುವ ಬೇರೆ ಜಾತಿಯ ಬಾತಾದರೆ ಸುಮಾರು 35 ದಿನ ಬೇಕು, ಅದರ ಲೆಕ್ಕ ಬೇರೆ.