ಹಳೆಯ ಗ್ರೀಟಿಂಗ್ ಕಾರ್ಡುಗಳು: ಕತ್ತರಿ ಹಿಡಿಯುವ ಮುಂಚೆ, ಹಿಡಿದ ಮೇಲೆ

ಸಂಕ್ರಾಂತಿಗೆಂದು ಮನೆ ಗುಡಿಸಿ ಒರೆಸುವಾಗ ನಮ್ಮ ಅಟ್ಟದಿಂದ ಒಂದು ತಗಡಿನ ಟ್ರಂಕು ಕೆಳಗಿಳಿಯಿತು. ಅದರ ತುಂಬ ಗ್ರೀಟಿಂಗ್ ಕಾರ್ಡುಗಳು. ಹೊಸ ವರ್ಷದ್ದು, ದೀಪಾವಳಿಯದ್ದು, ಎಲ್ಲಕ್ಕಿಂತ ಜಾಸ್ತಿ ಸಂಕ್ರಾಂತಿಯದ್ದು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ನೆನಪಿರುತ್ತದೆ. ಜನವರಿ ಬಂತೆಂದರೆ ಪುಸ್ತಕದಂಗಡಿ ಮುಂದೆ ಹಗ್ಗ ಕಟ್ಟಿ ಕಾರ್ಡು ನೇತುಹಾಕುತ್ತಿದ್ದರು. ಕಬ್ಬು, ಎತ್ತು, ಮಡಕೆಯ ಚಿತ್ರಗಳ ಪಕ್ಕದಲ್ಲೇ ಸಿನಿಮಾ ನಟರ ಚಿತ್ರ.

ಟ್ರಂಕಿನಲ್ಲಿ ಧಾರವಾಡದ ಸೋದರತ್ತೆ 1991ರಲ್ಲಿ ಕಳಿಸಿದ ಕಾರ್ಡು ಸಿಕ್ಕಿತು. ಮೇಲೆ ಎರಡು ಕಬ್ಬಿನ ಜಲ್ಲೆ, ಒಂದು ಹಸು. ಒಳಗೆ ಅಚ್ಚಾದ ಶುಭಾಶಯ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಅತ್ತೆಯ ಅಕ್ಷರ: ‘ಎಳ್ಳು ಬೆಲ್ಲ ತೊಗೊಂಡು ನಾವು ನೀವು ಎಳ್ಳು ಬೆಲ್ಲದಾಂಗ ಇರೋಣು. ಅಣ್ಣಗ ಕೆಮ್ಮು ಕಡಿಮಿ ಆತೇನು? ರಾತ್ರಿ ಶುಂಠಿ ಕಷಾಯ ಕುಡಿಸ್ರಿ.’ ಈಗ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ. ಕೆಮ್ಮಿನ ವಿಚಾರಣೆ ಮಾತ್ರ ಹಾಗೇ ಇದೆ.

ಆವತ್ತು ನನಗೆ ಹೊಳೆದದ್ದು ಇಷ್ಟು. ಕಾರ್ಡಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಅಂಗಡಿಯಿಂದ ಬಂದದ್ದು, ಇನ್ನೊಂದು ಕಳಿಸಿದವರ ಕೈಯಿಂದ ಬಂದದ್ದು. ಅಂಗಡಿಯದ್ದನ್ನು ಧಾರಾಳವಾಗಿ ಬಳಸಬಹುದು. ಕೈಬರಹವನ್ನು ಮಾತ್ರ ಕಾಪಾಡಬೇಕು. ನಿಮ್ಮ ಮನೆಯಲ್ಲೂ ಇಂಥ ಕಟ್ಟು ಇದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಕೂತುಕೊಳ್ಳಿ.

ಮೊದಲು ಓದಿ, ಆಮೇಲೆ ವಿಂಗಡಿಸಿ

ಫ್ಯಾನ್ ನಿಲ್ಲಿಸಿ. ಚಾಪೆಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪಕ್ಕದಲ್ಲಿ ಕಾಫಿ ಲೋಟ ಬೇಡ. ಒಂದೊಂದೇ ಕಾರ್ಡು ಬಿಡಿಸಿ, ಪೂರ್ತಿ ಓದಿ, ಮೂರು ಗುಡ್ಡೆ ಮಾಡಿ.

ಮೊದಲ ಗುಡ್ಡೆ ಇಟ್ಟುಕೊಳ್ಳುವಂಥದ್ದು. ನಾಲ್ಕು ಸಾಲು ಬರೆದದ್ದು, ಕೈಯಲ್ಲೇ ಚಿತ್ರ ಬಿಡಿಸಿದ್ದು, ಮನೆಯ ಹಿರಿಯರ ಸಹಿ ಇರುವುದು, ಮಕ್ಕಳು ಮೊದಲ ಸಲ ಅಕ್ಷರ ಕೂಡಿಸಿ ಬರೆದದ್ದು. ಎರಡನೆಯದು ಕತ್ತರಿಗೆ ಹೋಗುವಂಥದ್ದು. ಬರೀ ಅಚ್ಚಿನ ಶುಭಾಶಯ, ಕೆಳಗೆ ಒಂದು ಕಂಪನಿಯ ಮೊಹರು, ಆದರೆ ಚಿತ್ರ ಚೆನ್ನಾಗಿದೆ, ಅಂಥವು. ಮೂರನೆಯದು ರದ್ದಿಗೆ.

ಅನುಮಾನ ಬಂದರೆ ಮೊದಲ ಗುಡ್ಡೆಗೇ ಹಾಕಿ. ಇವತ್ತು ಕತ್ತರಿಸದೆ ಉಳಿಸಿದ್ದನ್ನು ಮುಂದಿನ ವರ್ಷ ಕತ್ತರಿಸಬಹುದು.

ಕವರುಗಳನ್ನು ಸುಮ್ನೆ ಎಸೆಯಬೇಡಿ. ಹೆಚ್ಚಿನ ಕಾರ್ಡಿನಲ್ಲಿ ತಾರೀಕೇ ಇರುವುದಿಲ್ಲ. ಊರು, ದಿನ, ವರ್ಷ ಗೊತ್ತಾಗುವುದು ಕವರಿನ ಮೇಲಿನ ಅಂಚೆ ಮೊಹರಿನಿಂದ. ಹಾಗಾಗಿ ಸ್ಟ್ಯಾಂಪು ಕಿತ್ತು ಇಟ್ಟುಕೊಳ್ಳುವುದಕ್ಕಿಂತ ಮೊಹರು ಸಮೇತ ಕವರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಕವರಿನ ಬಾಯಿ ಅಂಟಿಸಿರುವುದಿಲ್ಲ, ಒಳಗೆ ಮಡಚಿ ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದಿರುತ್ತಾರೆ. ಆಗೆಲ್ಲ ಹಾಗೆ ಕಳಿಸಿದರೆ ಅಂಚೆ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ಒಳಗೆ ಕಾಗದದ ಹಾಗೆ ಉದ್ದಕ್ಕೆ ಬರೆಯುವಂತಿರಲಿಲ್ಲ. ನಮ್ಮ ಅತ್ತೆಯ ಕವರೆಲ್ಲ ಅಂಟಿಸಿದ್ದವೇ. ಕಷಾಯದ ಮಾತು ಬರೆಯಬೇಕಲ್ವಾ, ಅದಕ್ಕೆ ಪೂರ್ತಿ ಸ್ಟ್ಯಾಂಪಿನ ದುಡ್ಡು ಕೊಡುತ್ತಿದ್ದರು.

ಕತ್ತರಿಯ ಗುಡ್ಡೆಗೆ ಹೋಗುವ ಕಾರ್ಡಿನ ಹಿಂಭಾಗವನ್ನೂ ಒಮ್ಮೆ ನೋಡಿ. ಯುನಿಸೆಫ್, ಕ್ರೈ ಸಂಸ್ಥೆಗಳು ಮಕ್ಕಳ ಕೆಲಸಕ್ಕೆ ಹಣ ಕೂಡಿಸಲು ಮಾರುತ್ತಿದ್ದ ಕಾರ್ಡುಗಳು ನಮ್ಮಲ್ಲೂ ತುಂಬ ಬರುತ್ತಿದ್ದವು. ಕೈಯಿಲ್ಲದ ಕಲಾವಿದರು ಬಾಯಿ, ಕಾಲಿನಲ್ಲಿ ಕುಂಚ ಹಿಡಿದು ಬಿಡಿಸಿದ ಚಿತ್ರಗಳೂ ಇರುತ್ತವೆ. ಯುನಿಸೆಫ್‌ನ ಮೊದಲ ಕಾರ್ಡಿನ ಚಿತ್ರ ಬಿಡಿಸಿದ್ದು ಚೆಕೊಸ್ಲೊವಾಕಿಯಾದ 7 ವರ್ಷದ ಹುಡುಗಿ, ಯಿಟ್ಕಾ ಸಾಮ್ಕೋವಾ. ಆ ಕಾರ್ಡು ಬಂದದ್ದು 1949ರಲ್ಲಿ. ಇಂಥ ಕಾರ್ಡುಗಳಲ್ಲಿ ಕಲಾವಿದರ ಹೆಸರು ಹಿಂದೆ ಅಚ್ಚಾಗಿರುತ್ತದೆ. ಚಿತ್ರ ಕತ್ತರಿಸಿದರೂ ಆ ಹೆಸರನ್ನು ಚಿತ್ರದ ಹಿಂದೆ ಬರೆದಿಡಿ.

ಪಿನ್ನು, ರಬ್ಬರು, ಟೇಪು

ಹಳೆಯ ಕಾರ್ಡುಗಳು ಹಾಳಾಗುವುದು ನಾವೇ ಹಾಕಿದ ಸಾಮಾನಿನಿಂದ. ರಬ್ಬರ್ ಬ್ಯಾಂಡು ಕೆಲವೇ ವರ್ಷದಲ್ಲಿ ಕರಗಿದಂತಾಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಗುಂಡುಸೂಜಿ, ಸ್ಟೇಪಲ್ ಪಿನ್ನು ಮಳೆಗಾಲದ ಗಾಳಿಗೆ ತುಕ್ಕು ಹಿಡಿದು ಕಂದು ಕಲೆ ಬಿಡುತ್ತವೆ. ಪಿನ್ನನ್ನು ಮೇಲಿನಿಂದ ಎಳೆದರೆ ಕಾಗದ ಹರಿಯುತ್ತದೆ. ಕಾರ್ಡನ್ನು ಮಗುಚಿ, ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲುಗಳನ್ನು ನೆಟ್ಟಗೆ ಮಾಡಿ. ಆಮೇಲೆ ಮುಂದಿನಿಂದ ಮೆಲ್ಲಗೆ ಎತ್ತಿ.

ಸೆಲ್ಲೋ ಟೇಪು ಹಳದಿಯಾಗಿ ಗಟ್ಟಿಯಾಗಿದ್ದರೆ ಕೀಳಲು ಹೋಗಬೇಡಿ, ಅಕ್ಷರವೂ ಅದರ ಜೊತೆ ಬರುತ್ತದೆ. ಹರಿದ ಜಾಗಕ್ಕೆ ಹೊಸ ಟೇಪನ್ನೂ ಹಚ್ಚಬೇಡಿ. ಧೂಳಿಗೆ ಒಣಗಿದ ಮೃದು ಬ್ರಷ್ ಸಾಕು. ಒದ್ದೆ ಬಟ್ಟೆ ಬೇಡವೇ ಬೇಡ. ಶಾಯಿ ಪೆನ್ನಿನ ಅಕ್ಷರಕ್ಕೆ ಒಂದು ಹನಿ ನೀರು ತಗುಲಿದರೂ ಹರಡಿಬಿಡುತ್ತದೆ.

ಬೂಷ್ಟು ಹಿಡಿದ ಕಾರ್ಡು ಸಿಕ್ಕರೆ ಅದನ್ನು ಕೂಡಲೇ ಬೇರೆ ಇಡಿ. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಒಣಗಲಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಬ್ರಷ್‌ನಿಂದ ಕೊಡವಿ. ಹಸಿ ಇರುವಾಗ ಉಜ್ಜಿದರೆ ಬೂಷ್ಟು ಕಾಗದದ ಒಳಕ್ಕೇ ಇಳಿಯುತ್ತದೆ.

ಲ್ಯಾಮಿನೇಷನ್ ಮಾಡಿಸುವ ಯೋಚನೆ ಬಹಳ ಜನಕ್ಕೆ ಬರುತ್ತದೆ. ನನಗೂ ಬಂದಿತ್ತು. ಒಬ್ಬ ಗೆಳತಿ ಒಣಗಿಸಿದ ಅರಳಿ ಎಲೆಯ ಮೇಲೆ ಬಣ್ಣದಲ್ಲಿ ದೀಪ ಬಿಡಿಸಿ ದೀಪಾವಳಿಗೆ ಕಾರ್ಡು ಮಾಡಿ ಕೊಟ್ಟಿದ್ದಳು. ಎಲೆಯ ನರನರವೂ ಬಲೆಯ ಹಾಗೆ ಕಾಣುತ್ತಿತ್ತು. ಅದು ಶಾಶ್ವತವಾಗಿ ಉಳಿಯಲಿ ಎಂದು ಅಂಗಡಿಗೆ ಕೊಟ್ಟೆ. ಬಿಸಿ ಉರುಳೆಗಳ ನಡುವೆ ಹೋಗಿ ಬಂದಾಗ ಎಲೆ ಪುಡಿಯಾಗಿತ್ತು, ದೀಪದ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತಿತ್ತು. ಅದನ್ನು ಬಿಡಿಸುವ ದಾರಿಯೇ ಇಲ್ಲ. ಆ ನೋವು ಇವತ್ತಿಗೂ ಇದೆ. ಒಂದೇ ಒಂದು ಪ್ರತಿ ಇರುವ ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ.

ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಮಾತು

‘ಇಂತಿ ನಿಮ್ಮ ಸುಬ್ಬು’ ಎಂದಿರುತ್ತದೆ. ಯಾವ ಸುಬ್ಬು? ಅಮ್ಮನಿಗೆ ಗೊತ್ತಿರುತ್ತದೆ, ದೊಡ್ಡಪ್ಪನಿಗೆ ಗೊತ್ತಿರುತ್ತದೆ. ಅವರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಯಾರು ಕಳಿಸಿದ್ದು, ನಮಗೆ ಏನಾಗಬೇಕು, ಯಾವ ಊರು, ಯಾವ ವರ್ಷ ಎಂಬುದನ್ನು ಕಾರ್ಡಿನ ಹಿಂದಿನ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆದರೆ ಮುಂದಕ್ಕೆ ಅಚ್ಚು ಮೂಡುತ್ತದೆ. ಈ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ನಲವತ್ತು ಕಾರ್ಡಿಗೆ ಎರಡು ಸಂಜೆ ಬೇಕಾಯಿತು. ಅಮ್ಮ ಒಂದೊಂದು ಹೆಸರಿಗೂ ಒಂದೊಂದು ಕತೆ ಹೇಳಿದರು. ಮೊಬೈಲಿನಲ್ಲಿ ಅವರ ದನಿಯನ್ನೂ ರೆಕಾರ್ಡ್ ಮಾಡಿಕೊಂಡೆ.

ಜೊತೆಗೇ ಫೋಟೊ ತೆಗೆದುಬಿಡಿ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕಾರ್ಡು ಮಲಗಿಸಿ. ಫ್ಲ್ಯಾಶ್ ಬೇಡ. ಮೊಬೈಲು ಕಾರ್ಡಿಗೆ ಸಮಾನಾಂತರವಾಗಿರಲಿ. ಮುಂಭಾಗ, ಒಳಭಾಗ, ಹಿಂಭಾಗ, ಕವರು, ಹೀಗೆ ನಾಲ್ಕು ಫೋಟೊ. ಸ್ಕ್ಯಾನರ್ ಇದ್ದರೆ 300 ಡಿಪಿಐ ಸಾಕು, ಅಕ್ಷರ ಸಣ್ಣದಿದ್ದರೆ 600. ಫೈಲಿಗೆ ವರ್ಷ, ಹಬ್ಬ, ಹೆಸರು ಕೊಡಿ: ‘1991-ಸಂಕ್ರಾಂತಿ-ಧಾರವಾಡ ಅತ್ತೆ’. ಆಮೇಲೆ ಹುಡುಕುವುದು ಸುಲಭ.

ಇಡುವ ಜಾಗ

ಅಟ್ಟ ಬೇಸಿಗೆಯಲ್ಲಿ ಕಾದ ಹೆಂಚು, ಮಳೆಗಾಲದಲ್ಲಿ ಥಂಡಿ. ಕಾಗದಕ್ಕೆ ಎರಡೂ ಆಗದು. ಮಲಗುವ ಕೋಣೆಯ ಬೀರುವಿನ ನಡುವಿನ ಅರೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಹೊರಗಿನ ಗೋಡೆಗೆ ಹತ್ತಿಕೊಂಡಿರುವ, ಬಾತ್‌ರೂಮಿನ ಪಕ್ಕದ ಬೀರು ಬೇಡ. ಗಾಳಿಯಲ್ಲಿ ತೇವ ಶೇ 65 ದಾಟಿದರೆ ಬೂಷ್ಟಿಗೆ ಅನುಕೂಲ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ತಪ್ಪಿದ್ದಲ್ಲ. ಅಲ್ಲಿನವರು ಮಳೆ ನಿಂತ ಮೇಲೆ ಒಮ್ಮೆ ಡಬ್ಬಿ ತೆರೆದು, ಕಾರ್ಡುಗಳಿಗೆ ನೆರಳಿನಲ್ಲಿ ಗಾಳಿ ತೋರಿಸಲೇಬೇಕು.

ಗಟ್ಟಿ ರಟ್ಟಿನ ಡಬ್ಬಿ ಸಾಕು. ಆಮ್ಲವಿಲ್ಲದ ಕಾಗದ ಸಿಕ್ಕರೆ ಒಳಗೆ ಹಾಸಿ. ಇಲ್ಲದಿದ್ದರೆ ಒಳ್ಳೆಯ ಬಿಳಿ ಕಾಗದ. ನ್ಯೂಸ್ ಪೇಪರ್ ಮಾತ್ರ ಬೇಡ, ತಾನು ಹಳದಿಯಾಗುವುದಲ್ಲದೆ ಪಕ್ಕದ್ದನ್ನೂ ಹಳದಿ ಮಾಡುತ್ತದೆ. ಆಲ್ಬಮ್ ಬೇಕೆಂದರೆ ಪಿವಿಸಿ ಹಾಳೆಯದ್ದು ಬಿಟ್ಟು ಪಾಲಿಪ್ರೊಪಿಲೀನ್ ಹಾಳೆಯದ್ದನ್ನು ಕೇಳಿ ತನ್ನಿ. ಅಂಟು ಹಾಳೆಯ ಹಳೆಯ ಮಾದರಿಯ ಆಲ್ಬಮ್‌ನಲ್ಲಿ ಕಾರ್ಡು ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ.

ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೆ ಕವರಿನ ಗೋಂದು, ಮೈದಾ ಅಂಟು ಬಲು ಇಷ್ಟ. ಹುಳು ಕಂಡರೆ ಕಾರ್ಡುಗಳನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಕಾರ್ಡಿನ ಮೇಲೆ ನೀರಿನ ಹನಿ ಕೂರುತ್ತದೆ. ನುಸಿ ಗುಳಿಗೆಯನ್ನು ಕಾರ್ಡಿಗೆ ತಾಗುವ ಹಾಗೆ ಹಾಕಬಾರದು.

ತೆರೆದರೆ ಹಾಡುವ ಕಾರ್ಡು ಇದ್ದರೆ ಒಳಗಿನ ಬಟನ್ ಸೆಲ್ ತೆಗೆದುಬಿಡಿ. ವರ್ಷ ಕಳೆದಂತೆ ಅದು ಸೋರುತ್ತದೆ. ಅದಕ್ಕಿಂತ ದೊಡ್ಡ ಭಯ ಚಿಕ್ಕ ಮಕ್ಕಳದ್ದು. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ತೆಗೆದ ಸೆಲ್ಲನ್ನು ಟೇಪಿನಲ್ಲಿ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಎಳ್ಳು ಬೆಲ್ಲದ ಡಬ್ಬಿ

ಈಗ ಕತ್ತರಿ ತೆಗೆದುಕೊಳ್ಳಿ. ಎರಡನೇ ಗುಡ್ಡೆಯಿಂದ ಮಾಡಬಹುದಾದ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಎಳ್ಳು ಬೀರುವ ಪುಟ್ಟ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ಕೊಳ್ಳುವುದು ತಪ್ಪುತ್ತದೆ, ನೋಡಲೂ ಚೆಂದ. 5 ಇಂಚು ಅಗಲ, 7 ಇಂಚು ಉದ್ದದ ಒಂದು ಮಡಿಕೆ ಕಾರ್ಡಿನಿಂದ ಒಂದು ಡಬ್ಬಿ ಬರುತ್ತದೆ.

ಕಾರ್ಡನ್ನು ಮಡಿಕೆಯ ಗುಂಟ ಎರಡು ಮಾಡಿ. ಚಿತ್ರದ ಅರ್ಧ ಮುಚ್ಚಳಕ್ಕೆ, ಇನ್ನೊಂದು ಅರ್ಧ ಕೆಳಗಿನ ಡಬ್ಬಿಗೆ. ಮುಚ್ಚಳಕ್ಕೆ 12.5 ಸೆಂ.ಮೀ. ಚೌಕ, ಕೆಳಗಿನದಕ್ಕೆ 12.2 ಸೆಂ.ಮೀ. ಚೌಕ ಕತ್ತರಿಸಿಕೊಳ್ಳಬೇಕು. ಆ 3 ಮಿಲಿಮೀಟರ್ ವ್ಯತ್ಯಾಸ ಇದ್ದರೇ ಮುಚ್ಚಳ ಸಲೀಸಾಗಿ ಕೂರುವುದು.

ಮುಚ್ಚಳದ ಮೇಲೆ ಕಡೆಗೆ ಕಾಣುವುದು ನಡುವಿನ 6.5 ಸೆಂ.ಮೀ. ಚೌಕ ಮಾತ್ರ. ಅದಕ್ಕೆ ಒಂದು ರದ್ದಿ ಕಾಗದದಲ್ಲಿ ಅಷ್ಟೇ ಅಳತೆಯ ಕಿಂಡಿ ಕತ್ತರಿಸಿ, ಚಿತ್ರದ ಮೇಲೆ ಅತ್ತಿತ್ತ ಸರಿಸಿ ನೋಡಿ. ಹಸುವಿನ ಮುಖವೋ ಕಬ್ಬಿನ ಗರಿಯೋ ಕಿಂಡಿಯ ನಡುವೆ ಬಂದಾಗ ಗುರುತು ಹಾಕಿ, ಸುತ್ತ 3 ಸೆಂ.ಮೀ. ಬಿಟ್ಟು ಚೌಕ ಕತ್ತರಿಸಿ.

ಚೌಕವನ್ನು ಮಗುಚಿ. ನಾಲ್ಕೂ ಅಂಚಿನಿಂದ 3 ಸೆಂ.ಮೀ. ಒಳಗೆ ಗೆರೆ ಎಳೆಯಿರಿ. ಖಾಲಿ ರೀಫಿಲ್ ಮತ್ತು ಸ್ಕೇಲ್ ಇಟ್ಟು ಗೆರೆಯ ಮೇಲೆ ಒತ್ತಿ ಎಳೆದರೆ ಮಡಿಕೆ ಬಿರುಕು ಬಿಡದೆ ನೇರ ಬರುತ್ತದೆ. ಈಗ ಮೇಲಿನ ಅಂಚಿನಿಂದ ಎರಡು ಕಡೆ, ಕೆಳಗಿನ ಅಂಚಿನಿಂದ ಎರಡು ಕಡೆ, ಉದ್ದದ ಗೆರೆಗಳ ಮೇಲೆ ಕತ್ತರಿ ಹಾಕಿ. ಗೆರೆಗಳು ಒಂದನ್ನೊಂದು ದಾಟುವ ಜಾಗಕ್ಕೆ ಬಂದ ಕೂಡಲೇ ನಿಲ್ಲಿಸಿ. ಒಟ್ಟು ನಾಲ್ಕು ಕತ್ತರಿ ಗಾಯ. ಮೂಲೆಯ ನಾಲ್ಕು ಪುಟ್ಟ ಚೌಕಗಳು ಎಡಬಲದ ಗೋಡೆಗೆ ಕಿವಿಗಳ ಹಾಗೆ ಉಳಿಯುತ್ತವೆ. ಎಲ್ಲ ಗೋಡೆ ಎತ್ತಿ, ಕಿವಿಗಳನ್ನು ಒಳಕ್ಕೆ ಮಡಚಿ, ಫೆವಿಕಾಲ್ ತೆಳ್ಳಗೆ ಸವರಿ ಅಂಟಿಸಿ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹತ್ತು ನಿಮಿಷ ಬಿಡಿ. ಅಂಟು ಜಾಸ್ತಿಯಾದರೆ ರಟ್ಟು ಸೊಟ್ಟಗಾಗುತ್ತದೆ.

ಎಳ್ಳು ಬೆಲ್ಲವನ್ನು ನೇರವಾಗಿ ಹಾಕಬೇಡಿ. ಅಚ್ಚಿನ ಬಣ್ಣ ತಿನ್ನುವ ಪದಾರ್ಥಕ್ಕೆ ತಾಗಬಾರದು, ಕೊಬ್ಬರಿ ಕಡಲೆಬೀಜದ ಎಣ್ಣೆಯೂ ರಟ್ಟಿಗೆ ಇಳಿಯುತ್ತದೆ. ಬಟರ್ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಇಡಿ. ಒಂದು ಹಿಡಿ ಹಿಡಿಸುತ್ತದೆ. ದೊಡ್ಡ ಸಕ್ಕರೆ ಅಚ್ಚನ್ನು ಬೇರೆಯೇ ಕೊಡಬೇಕು.

ಉಳಿದ ತುಂಡುಗಳೂ ವ್ಯರ್ಥವಲ್ಲ. ಉದ್ದನೆಯವು ಪುಸ್ತಕದ ಗುರುತಿಗೆ. ತೂತು ಮಾಡಿ ದಾರ ಕಟ್ಟಿದರೆ ಉಡುಗೊರೆಯ ಮೇಲಿನ ಹೆಸರು ಚೀಟಿ. ಬೆಟ್ಟ, ಗುಡಿ, ತೋಟದ ಚಿತ್ರಗಳು ದಸರಾ ಗೊಂಬೆಗಳ ಹಿಂದೆ ನಿಲ್ಲಿಸಲು ಹೇಳಿ ಮಾಡಿಸಿದಂತಿರುತ್ತವೆ. ಹಕ್ಕಿ, ಹಣ್ಣು, ಹೂವಿನ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಕೆಳಗೆ ಕನ್ನಡದಲ್ಲಿ ಹೆಸರು ಬರೆದು ಹತ್ತಿರದ ಅಂಗನವಾಡಿಗೆ ಕೊಡಬಹುದು. ಕೊಡುವ ಮುಂಚೆ ವಿಳಾಸ, ಹೆಸರು ಯಾವುದೂ ಉಳಿದಿಲ್ಲವೆಂದು ನೋಡಿಕೊಳ್ಳಿ.

ಮೂರನೇ ಗುಡ್ಡೆಯಲ್ಲಿ ಬರೀ ಕಾಗದದ ಕಾರ್ಡು ರದ್ದಿಗೆ ಹೋಗಲಿ. ಮಿಂಚಿನ ಪುಡಿ ಅಂಟಿಸಿದ್ದು, ಚಿನ್ನದ ಹಾಳೆ ಒತ್ತಿದ್ದು, ಪ್ಲಾಸ್ಟಿಕ್ ಪದರ ಇರುವುದು ಮರುಬಳಕೆಗೆ ಬರುವುದಿಲ್ಲ. ಅದನ್ನು ಬೇರೆ ಮಾಡಿ. ಕಾರ್ಡಿನ ಒಂದು ಅರ್ಧ ಮಾತ್ರ ಹಾಗಿದ್ದರೆ ಇನ್ನೊಂದು ಅರ್ಧವನ್ನು ಹರಿದು ರದ್ದಿಗೆ ಹಾಕಿ.

ಈ ಸಂಕ್ರಾಂತಿಗೆ ಹನ್ನೊಂದು ಡಬ್ಬಿ ಮಾಡಿದೆ. ಅತ್ತೆಯ ಕಾರ್ಡಿಗೆ ಕತ್ತರಿ ತಾಗಿಸಲಿಲ್ಲ. ಅವರು ಬರೆದ ಸಾಲುಗಳ ಫೋಟೊವನ್ನು ಚಿಕ್ಕದಾಗಿ ಪ್ರಿಂಟ್ ತೆಗೆಸಿ, ಒಂದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. ಧಾರವಾಡದಲ್ಲಿರುವ ಅವರ ಮಗನಿಗೆ ಕಳಿಸಿದೆ. ಡಬ್ಬಿ ತಲುಪಿದ ದಿನ ಫೋನ್ ಮಾಡಿದ. ‘ಅವ್ವನ ಅಕ್ಷರ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೂ ಎಷ್ಟ ಅದಾವು ನಿಮ್ಮ ಕಡೆ?’ ಎಂದು ಕೇಳಿದ. ಒಂಬತ್ತು ಇವೆ.